ಎಂಟರ ನಂತರ

ಗೇಟಿನ ಚಿಲಕ ತೆಗೆದಿತ್ತು. ಒಣಗಿದ ಬಟ್ಟೆ ತರಲು ಮಹಡಿಗೆ ಹೋಗಿದ್ದ ಯಶೋಧಾ ಕೆಳಗೆ ಬಂದಾಗ ನಾಲ್ಕು ವರ್ಷದ ಮಗ ಗೋಕುಲ್ ಅಂಗಳದಲ್ಲಿರಲಿಲ್ಲ. ಅತ್ತೆ ಗೌರಮ್ಮ ಆಗಲೇ ರಸ್ತೆಗಿಳಿದು, "ಗೋಕುಲಾ, ಲೋ ಗೋಕುಲಾ" ಎಂದು ಕೂಗುತ್ತಿದ್ದರು. ತಣಿಸಂದ್ರದ ಆ ಇಕ್ಕಟ್ಟು ರಸ್ತೆಯಲ್ಲಿ ನೀರಿನ ಟ್ಯಾಂಕರುಗಳು ಒಂದರ ಹಿಂದೊಂದು ನುಗ್ಗುತ್ತಿದ್ದವು. ಕೂಗಿ ಪ್ರಯೋಜನವಿಲ್ಲವೆಂದು ಯಶೋಧಾಗೆ ಗೊತ್ತಿತ್ತು. ಹೆಸರು ಕರೆದರೆ ತಿರುಗಿ ನೋಡುವ ಮಗುವಲ್ಲ ಅದು. ಅವಳನ್ನು ಇನ್ನೂ ಅಮ್ಮಾ ಎಂದು ಕರೆದೂ ಇರಲಿಲ್ಲ.

ಅವನ ಬಾಯಿಂದ ಬರುತ್ತಿದ್ದದ್ದು ಅಂಕಿಗಳು ಮಾತ್ರ. ಎಣಿಕೆ ಕಲಿಯಲಿ ಎಂದು ಅವಳೇ ಮೊಬೈಲಿನಲ್ಲಿ ಹಾಕಿಕೊಟ್ಟಿದ್ದ ವಿಡಿಯೋ. ಅದರಲ್ಲೊಂದು ನೀಲಿ ಆನೆ ಇಂಗ್ಲಿಷಿನಲ್ಲಿ ಮಾವಿನಹಣ್ಣು ಎಣಿಸುತ್ತದೆ. ಒಂದೊಂದು ಅಂಕಿ ಹೇಳಿ, ಮುಂದಿನದನ್ನು ಮಕ್ಕಳು ಹೇಳಲಿ ಎಂದು ಕಾಯುತ್ತದೆ. ಆನೆಗೆ ಗೋಕುಲ್ ತಪ್ಪದೆ ಉತ್ತರ ಕೊಡುತ್ತಿದ್ದ. ಮನೆಯವರು ಕೇಳಿದರೆ ಇಲ್ಲ. ಹಿಂದಿನ ದಿನ ಹೆಬ್ಬಾಳದ ಡಾಕ್ಟರು, "ಮೊದಲು ಆ ವಿಡಿಯೋ ನಿಲ್ಲಿಸಿ. ಅವನು ನಿಮ್ಮ ಮುಖ ನೋಡೋದೇ ಇಲ್ವಲ್ಲ" ಎಂದಿದ್ದರು. ಬೆಳಿಗ್ಗೆ ಎದ್ದವಳೇ ಅದನ್ನು ತನ್ನ ಫೋನಿನಿಂದ ಅಳಿಸಿಹಾಕಿದ್ದಳು. ಮಧ್ಯಾಹ್ನದವರೆಗೂ ಅವನು ನೆಲಕ್ಕೆ ತಲೆ ಚಚ್ಚಿಕೊಂಡು ಅತ್ತಿದ್ದ.

"ಮಗ ಆಸೆಪಟ್ಟಿದ್ದನ್ನ ಇಂಗೆ ಒಂದೇ ದಿನಕ್ಕೆ ಕಿತ್ಕೋಬ್ಯಾಡ ಅಂತ ಏಳ್ದೆ. ನನ್ ಮಾತು ಯಾರಿಗ್ ಬೇಕು" ಎಂದರು ಗೌರಮ್ಮ. ಪಕ್ಕದ ಸೈಟಿನಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಸುತ್ತ ಕಟ್ಟಿದ್ದ ತಗಡಿನಲ್ಲಿ ಒಂದು ಕಡೆ ಸಂದು ಬಿಟ್ಟಿತ್ತು. ಮಗು ನುಸುಳುವಷ್ಟು ಸಂದು. ಯಶೋಧಾ ಅತ್ತ ಓಡಿದಳು.

"ಇಲ್ರೀ ಅಕ್ಕಾರ, ನಾ ಇಲ್ಲೇ ಕುಂತೀನಿ. ಯಾವ ಕೂಸೂ ಬಂದಿಲ್ಲ" ಎಂದ ಕಟ್ಟಡದ ವಾಚ್‌ಮನ್ ಮುರಿಗೆಪ್ಪ. ಆಮೇಲೆ ದನಿ ತಗ್ಗಿಸಿ, "ನಡುವ ಒಂದೀಟು ನೀರು ತರಾಕ ಹೋಗಿದ್ದೆ" ಎಂದ. ಲಿಫ್ಟಿಗೆಂದು ತೋಡಿದ್ದ ಗುಂಡಿಯಲ್ಲಿ ಮಳೆನೀರು ನಿಂತಿತ್ತು. ಮುರಿಗೆಪ್ಪ ಉದ್ದನೆಯ ಬಿದಿರಿನ ಗಳು ಎತ್ತಿಕೊಂಡು ಆ ನೀರಿಗೆ ಇಳಿಸಿ, ಆ ಮೂಲೆ ಈ ಮೂಲೆ ತಡವತೊಡಗಿದ. ಒಂದು ಕಡೆ ಗಳು ಮೆತ್ತಗೆ ತಾಗಿ ನಿಂತಿತು. ಹಿಂದೆಯೇ ಬಂದಿದ್ದ ಗೌರಮ್ಮ ಕಂಬ ಹಿಡಿದುಕೊಂಡರು. ಮೇಲೆ ಬಂದದ್ದು ನೀರು ಕುಡಿದು ಉಬ್ಬಿದ ಸಿಮೆಂಟಿನ ಚೀಲ.

"ಅತ್ತೆ, ನಿಮ್ಮ ಫೋನ್ ಕೊಡಿ."

"ಈಗ್ಯಾಕೆ?"

"ಅದ್ರಲ್ಲಿ ಆನೆ ವಿಡಿಯೋ ಇದೆ. ನನಗೆ ಗೊತ್ತಾಗದ ಹಾಗೆ ಅವನಿಗೆ ತೋರಿಸ್ತೀರಲ್ಲ, ಅದು. ಕೊಡಿ."

ಗೌರಮ್ಮ ಅವಳ ಮುಖ ನೋಡದೆ ಫೋನ್ ಕೊಟ್ಟರು. ಯಶೋಧಾ ಸೌಂಡು ಪೂರ್ತಿ ಏರಿಸಿ, ಅದನ್ನು ತಲೆಯ ಮೇಲೆ ಎತ್ತಿ ಹಿಡಿದಳು. "ಒನ್" ಎಂದಿತು ಆನೆ. ಗೋಡೆಗಳಿಲ್ಲದ ಕಟ್ಟಡದಲ್ಲಿ ಆ ದನಿ ಸುತ್ತಿ ಸುತ್ತಿ ಮರಳಿತು. "ಟೂ." ಹೊರಗೆ ಟ್ಯಾಂಕರಿನ ಹಾರ್ನು. "ತ್ರೀ" ಎಂದು ಆನೆ ಕಾಯಿತು. ಎಲ್ಲೋ ಮೇಲಿನಿಂದ ಒಂದು ಸಣ್ಣ ದನಿ, "ಫೋರ್" ಎಂದಿತು.

"ಯಾರೂ ಹೆಸರು ಕೂಗ್ಬೇಡಿ, ಅವನಿಗೆ ಆನೆ ದನಿ ಕೇಳಿಸ್ಬೇಕು" ಎಂದವಳೇ ಕಂಬಿಯಿಲ್ಲದ ಮೆಟ್ಟಿಲು ಹತ್ತಿದಳು. ಎರಡನೇ ಅಂತಸ್ತಿನ ತುದಿಯಲ್ಲಿ, ಗೋಡೆ ಬರಬೇಕಾದ ಜಾಗದಲ್ಲಿ, ಗೋಕುಲ್ ಬೆನ್ನು ತೋರಿಸಿಕೊಂಡು ಕೂತಿದ್ದ. ಕಾಲು ಎರಡೂ ಗಾಳಿಯಲ್ಲಿದ್ದವು. "ಸಿಕ್ಸ್" ಎಂದಿತು ಆನೆ. "ಸೆವೆನ್" ಎಂದ ಅವನು. ಆಗ ಅವಳಿಗೆ ಹೊಳೆಯಿತು. ಹತ್ತಕ್ಕೆ ಆನೆ ಜಿಗಿಯುತ್ತದೆ. ಆನೆಯ ಜೊತೆ ಗೋಕುಲನೂ ಎರಡು ಕೈ ಎತ್ತಿ ಜಿಗಿಯುತ್ತಾನೆ. ದಿನವೂ ಹಾಗೆಯೇ. ಮಧ್ಯದಲ್ಲಿ ನಿಲ್ಲಿಸಿದರೋ, ಮೈ ಬಿಲ್ಲಿನಂತೆ ಬಾಗಿಸಿ ಹೊರಳಾಡುತ್ತಾನೆ. ನೆಲದ ತುಂಬ ಕಬ್ಬಿಣದ ಸರಳುಗಳು ಬಿದ್ದಿದ್ದವು. ಓಡುವಂತಿರಲಿಲ್ಲ.

"ಸೆವೆನ್" ಎಂದಿತು ಆನೆ. "ಎಯ್ಟ್" ಎಂದ ಗೋಕುಲ್. ಯಶೋಧಾ ವಿಡಿಯೋ ನಿಲ್ಲಿಸಿದಳು. ಅವನ ಹಿಮ್ಮಡಿ ಕಾಂಕ್ರೀಟಿನ ಅಂಚಿಗೆ ಬಡಿಯಿತು, ಸೊಂಟ ತಿರುಚಿತು. ಅಳು ಬಾಯಿಗೆ ಬರುವ ಮೊದಲೇ ಅವಳು ಆನೆಯ ಹಾಗೆ ರಾಗ ಎಳೆದು, "ಎಯ್ಟ್" ಎಂದಳು.

ಅವನು ಸುಮ್ಮನಾದ. "ನೈನ್."

ಅವಳು ನೈನ್ ಎಂದರೆ ಅವನು ಟೆನ್ ಎನ್ನುತ್ತಾನೆ. "ಎಯ್ಟ್" ಎಂದು ಒಂದು ಸರಳು ದಾಟಿದಳು.

"ನೈನ್." ಈ ಸಲ ಜೋರಾಗಿ.

"ಎಯ್ಟ್."

ಗೋಕುಲ್ ತಿರುಗಿದ. ಅವಳ ಕೈಯಲ್ಲಿದ್ದ ಫೋನನ್ನು ನೋಡಲಿಲ್ಲ, ಅವಳನ್ನು ನೋಡಿದ. ಹುಬ್ಬು ಗಂಟಿಕ್ಕಿತ್ತು. ಅಷ್ಟರಲ್ಲಿ ಅವನ ಕಂಕುಳು ಅವಳ ಕೈಗೆ ಸಿಕ್ಕಿತ್ತು. ಎಳೆದ ರಭಸಕ್ಕೆ ಇಬ್ಬರೂ ಒಳಗಡೆಗೆ, ಜಲ್ಲಿಯ ಗುಡ್ಡೆಯ ಮೇಲೆ ಬಿದ್ದರು.

ಗೌರಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಾಗ ಯಶೋಧಾ ಮಗನನ್ನು ಅವುಚಿಕೊಂಡು ಬಿಕ್ಕುತ್ತಿದ್ದಳು. ಗೋಕುಲ್ ಸಿಮೆಂಟಿನ ಧೂಳು ಮೆತ್ತಿದ ಎರಡು ಕೈಗಳಿಂದ ಅವಳ ಗಲ್ಲ ಹಿಡಿದು, ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ನಿಧಾನವಾಗಿ, ಬಿಡಿಸಿ ಹೇಳಿದ: "ನೈನ್."

"ಏನಂತೆ ಅವುನ್ದು?" ಎಂದರು ಗೌರಮ್ಮ.

"ನಾನು ತಪ್ಪು ಹೇಳ್ತಿದೀನಂತೆ, ಅತ್ತೆ."