ಕಣ್ಣಿಗೆ ತಂಪಾದ ಬಣ್ಣ

ಒಂದೇ ಸೀಟನ್ನು ಇಬ್ಬರಿಗೆ ಮಾರಿದ್ದೀರಿ ಎಂದು ಬೈಯುವ ಫೋನು ಸುರಬಾಯ ನಗರದ ಒಂದು ಬಸ್ ಕಂಪನಿಗೆ ಬೆಳಗಿನಿಂದ ಬರುತ್ತಲೇ ಇತ್ತು. ರಂಜಾನ್ ಉಪವಾಸ ಮುಗಿಯುವ ಲೆಬಾರಾನ್ ಹಬ್ಬಕ್ಕೆ ಊರಿಗೆ ಹೋಗುವವರ ಬಸ್ಸುಗಳು ಸಂಜೆ ನಾಲ್ಕಕ್ಕೆ ಹೊರಡಬೇಕು. ಹಿರಿಯ ಪ್ರೋಗ್ರಾಮರ್ ಬು ನಿಂಗ್ರುಮ್ (ಅಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ 'ಬು' ಎನ್ನುತ್ತಾರೆ) ಉಪವಾಸದ ಒಣಗಿದ ಬಾಯಲ್ಲೇ ಇನ್ನೊಬ್ಬ ಪ್ರಯಾಣಿಕರ ಕ್ಷಮೆ ಕೇಳಿ, ಕಿರಿಯ ಪ್ರೋಗ್ರಾಮರ್ ಗಾಲಿಹನ ಮೇಜಿನ ಹತ್ತಿರ ಬಂದರು.

"ಟಿಕೆಟ್ ಪ್ರೋಗ್ರಾಮಿನಲ್ಲಿ ನಿನ್ನೆ ಏನಾದ್ರೂ ಕೈಯಾಡಿಸಿದ್ಯೇನಪ್ಪಾ?"

"ಏನಿಲ್ಲ ಬು. ಯಾಕಿದೆ ಅಂತ ಗೊತ್ತಾಗದ ನಾಲ್ಕು ಸಾಲಿತ್ತು. ತೆಗೆದು ಚೊಕ್ಕ ಮಾಡ್ದೆ."

ಚೊಕ್ಕ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಈ ಲೋಕವನ್ನು ಸೃಷ್ಟಿಸಲು ದೇವರಿಗೆ ಆರು ದಿನ ಸಾಕಾಯಿತಂತೆ. ತಾನು ಪ್ರೋಗ್ರಾಂ ಬರೆಯುವ ಎಡಿಟರ್ ಪರದೆಗೆ ಬಣ್ಣ ಹಚ್ಚಲು ಗಾಲಿಹನಿಗೆ ಆರು ತಿಂಗಳು ಹಿಡಿಯಿತು. ಅಂಕಿಗಳಿಗೆ ಮಾವಿನ ಹಳದಿ, ಆಜ್ಞೆಗಳಿಗೆ ನವಿಲಿನ ನೀಲಿ. ಒಬ್ಬರು ಇನ್ನೊಬ್ಬರಿಗಾಗಿ ನಡುವೆ ಬರೆದಿಡುವ ಟಿಪ್ಪಣಿಗಳಿಗೆ ಮಾತ್ರ ಹಿನ್ನೆಲೆಯ ಕಪ್ಪನ್ನೇ ಬಳಿದಿದ್ದ. ಮನುಷ್ಯರ ಮಾತು ಕಣ್ಣಿಗೆ ಬಿದ್ದರೆ ಏಕಾಗ್ರತೆ ಕೆಡುತ್ತದಂತೆ. ಈ ಬಣ್ಣಗಳನ್ನು ಇಂಟರ್‌ನೆಟ್ಟಿನಲ್ಲಿ ಹಂಚಿದಾಗ ಮೂರು ಸಾವಿರ ಮಂದಿ ಇಳಿಸಿಕೊಂಡರು. "ಧ್ಯಾನಕ್ಕೆ ಕೂತ ಹಾಗಿದೆ" ಎಂದು ಒಬ್ಬ ಬರೆದಿದ್ದ. ಅದನ್ನು ಗಾಲಿಹ್ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿಕೊಂಡಿದ್ದ.

ಬು ನಿಂಗ್ರುಮ್ ತಮ್ಮ ಹಳೆಯ ಕಂಪ್ಯೂಟರಿನಲ್ಲಿ ಅದೇ ಕಡತ ತೆರೆದರು. ಬಿಳಿಯ ಮೇಲೆ ಕಪ್ಪಕ್ಷರ, ಅಷ್ಟೇ. ಗಟ್ಟಿಯಾಗಿ ಓದಿದರು: "ಕೆಳಗಿನ ನಾಲ್ಕು ಸಾಲು ದಯವಿಟ್ಟು ತೆಗೆಯಬೇಡಿ. ತೆಗೆದರೆ ಒಂದೇ ಸೀಟು ಇಬ್ಬರಿಗೆ ಹೋಗುತ್ತದೆ."

ಗಾಲಿಹ್ ತನ್ನ ಪರದೆಯ ಮೇಲೆ ಬಗ್ಗಿ ನೋಡಿದ. "ಇಲ್ಲೇನೂ ಇಲ್ವಲ್ಲ ಬು."

"ಏಳು ವರ್ಷದಿಂದ ಇದೆ. ನಾನೇ ಬರೆದಿಟ್ಟಿದ್ದು." ಅವರ ದನಿ ಏರಲಿಲ್ಲ. "ದಯವಿಟ್ಟು ಅಂತ ಬೇರೆ ಬರೆದಿದ್ದೆ."

ನಾಲ್ಕು ಸಾಲನ್ನು ಮರಳಿ ಸೇರಿಸಲು ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಆದರೆ ಮಾರಿದ ಸೀಟು ಮಾರಿದ್ದೇ. ಕಂಪನಿ ಎಲ್ಲೆಲ್ಲೋ ಅಂಗಲಾಚಿ ಇನ್ನೊಂದು ಬಸ್ಸು ಹೊಂದಿಸಿತು. ಅದರಲ್ಲೂ ಎಲ್ಲರಿಗೂ ಜಾಗ ಸಾಲದು. "ಮೊದಲು ಆ ಟಿಪ್ಪಣಿಯ ಬಣ್ಣ ಬದಲಾಯಿಸು. ಆಮೇಲೆ ಬಂದು ಫೋನ್ ಹಿಡಿ," ಎಂದು ಬು ನಿಂಗ್ರುಮ್ ಪ್ರಯಾಣಿಕರ ಪಟ್ಟಿ ಹಿಡಿದು ಕೂತರು.

ಗಾಲಿಹನಿಗೆ ಮಾತು ನಾಟಿತ್ತು. ತಪ್ಪನ್ನು ತಿದ್ದಿಕೊಳ್ಳಬೇಕೆಂದು ಅವನು ಶ್ರದ್ಧೆಯಿಂದ ಕೂತ. ಮಧ್ಯಾಹ್ನದ ನಮಾಜಿಗೆ ಎಲ್ಲರೂ ಎದ್ದುಹೋಗಿ ಬಂದರು. ಗಡಿಯಾರ ಎರಡು ದಾಟಿತು.

"ಬು, ಒಂದೇ ನಿಮಿಷ ಇಲ್ಲಿ ನೋಡಿ. ಟಿಪ್ಪಣಿಗೆ ಈ ಬೂದಿ ಬಣ್ಣ ಇರಲಾ, ಪಾಚಿ ಹಸಿರು ಇರಲಾ? ಹಸಿರಾದ್ರೆ ಕಣ್ಣಿಗೆ ತಂಪು."

ಬು ನಿಂಗ್ರುಮ್ ಕಿವಿಯಲ್ಲಿದ್ದ ಫೋನನ್ನು ತೆಗೆದು ಅವನ ಕೈಗೆ ಕೊಟ್ಟರು.

"ಹದಿನಾಲ್ಕನೇ ಸೀಟಿನವರು. ಎಂಟು ತಿಂಗಳ ಬಸುರಿ. ಪುರ್ವೊಕೆರ್ತೊ ಊರಿನ ತನಕ, ರಾತ್ರಿಯೆಲ್ಲ ನಿಂತ್ಕೊಂಡೇ ಹೋಗ್ಬೇಕಾ ಅಂತ ಕೇಳ್ತಿದ್ದಾರೆ. ಯಾವ ಬಣ್ಣ ತಂಪು ಅಂತ ಇವರಿಗೂ ಸ್ವಲ್ಪ ಹೇಳಪ್ಪಾ."