ಸಿದ್ದಮ್ಮನ ಬಲಗಣ್ಣು

ಈ ಕಣ್ಣು ಸಿದ್ದಮ್ಮನದಲ್ಲ.

ಪ್ರತಿಮಾ ಪರದೆಯನ್ನು ಇನ್ನೊಮ್ಮೆ ನೋಡಿದಳು. ಎಡಗಡೆ ಕಳೆದ ವರ್ಷದ ಶಿಬಿರದಲ್ಲಿ ತೆಗೆದ ಚಿತ್ರ, ಬಲಗಡೆ ಈಗ ತಾನೇ ತೆಗೆದದ್ದು. ಎರಡರ ಮೇಲೂ ಸಿದ್ದಮ್ಮ, ಬಲಗಣ್ಣು ಎಂದೇ ಇತ್ತು. ಆದರೆ ಕಣ್ಣಿನೊಳಗೆ ರಕ್ತನಾಳಗಳು ಕವಲೊಡೆದ ರೀತಿಯೇ ಬೇರೆ. ಅದು ಹೆಬ್ಬೆಟ್ಟಿನ ಗುರುತಿದ್ದಂತೆ, ವರ್ಷಕ್ಕೊಂದು ಥರ ಆಗುವುದಿಲ್ಲ. ಹದಿನಾರು ವರ್ಷದಿಂದ ಸಕ್ಕರೆ ಕಾಯಿಲೆಯವರ ಕಣ್ಣಿನ ಚಿತ್ರ ತೆಗೆಯುತ್ತಿದ್ದ ಪ್ರತಿಮಾಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಳೆಯ ಚಿತ್ರದಲ್ಲಿ ಅಲ್ಲಲ್ಲಿ ರಕ್ತ ಜಿನುಗಿತ್ತು. ಲೇಸರ್ ಮಾಡಿಸದಿದ್ದರೆ ದೃಷ್ಟಿಗೇ ಸಂಚಕಾರ. ಆಸ್ಪತ್ರೆಯಿಂದ ಮೂರು ಸಲ ಫೋನ್ ಹೋಗಿತ್ತು. ಮೂರು ಸಲವೂ ಸಿದ್ದಮ್ಮ "ನಂಗೇನೂ ಆಗಿಲ್ಲ" ಎಂದು ಫೋನ್ ಇಟ್ಟಿದ್ದಳು. ಈಗಿನ ಚಿತ್ರದಲ್ಲಿ ನೋಡಿದರೆ ಒಂದು ಚುಕ್ಕೆಯೂ ಇಲ್ಲ.

ಇನ್ನೇನು ಬೇಕು? ಲೇಸರಿಗೆ ಹೆದರಿದ ಸಿದ್ದಮ್ಮ ಮನೆಯಲ್ಲಿ ಅಡಗಿ ಕೂತಿದ್ದಾಳೆ. ತನ್ನ ಕಾರ್ಡು ಕೊಟ್ಟು ಯಾರೋ ಕಣ್ಣು ನೆಟ್ಟಗಿರುವವಳನ್ನು ಕಳಿಸಿದ್ದಾಳೆ. ಇವರು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರುವವಳು ಎಂದುಕೊಂಡು ಪ್ರತಿಮಾ ಎದುರಿಗಿದ್ದ ಹೆಂಗಸಿನ ಹತ್ತಿರಕ್ಕೆ ಸ್ಟೂಲು ಎಳೆದುಕೊಂಡಳು.

"ನಿಮ್ಮ ಹೆಸರೇನಮ್ಮ?"

"ಸಿದ್ದಮ್ಮ ಕಣವ್ವ."

"ಯಜಮಾನರ ಹೆಸರು?"

ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. "ಅಯ್ಯ, ಅದ್ನ ನನ್ ಬಾಯಲ್ಲಿ ಹೆಂಗವ್ವ ಹೇಳದು?"

ಎಷ್ಟು ಕೇಳಿದರೂ ಹೇಳಲಿಲ್ಲ. ಪ್ರತಿಮಾ ಆಧಾರ್ ಕಾರ್ಡು ತಿರುಗಿಸಿ ನೋಡಿದಳು. ಅದರಲ್ಲಿದ್ದ ಮುಖ ಕುದೂರು ಹೋಬಳಿಯ ಯಾವ ಹೆಂಗಸಿನದಾದರೂ ಆಗಬಹುದಿತ್ತು.

"ಇವ್ರೇ ಸಿದ್ದಮ್ಮ ಮೇಡಂ. ಅದಕ್ಕೆ ನಾನ್ ಗ್ಯಾರಂಟಿ," ಎಂದು ಆಶಾ ಕಾರ್ಯಕರ್ತೆ ಭಾನುಪ್ರಿಯ ನಡುವೆ ಬಾಯಿ ಹಾಕಿದಳು.

ಈ ಸಮುದಾಯ ಭವನದಲ್ಲಿ ಬೆಳಗ್ಗೆಯಿಂದ ಅವಳದೇ ಕಾರುಬಾರು. ಪಟ್ಟಿಯಲ್ಲಿದ್ದವರನ್ನೆಲ್ಲ ಮನೆಯಿಂದ ಎಬ್ಬಿಸಿ ತಂದಿದ್ದಳು. ಸಾಲಿನಲ್ಲಿ ಕೂತವರಿಗೆ "ಸಿಹಿ ಬುಟ್ಬುಡಿ, ನನ್ನಂಗೆ ಗಟ್ಟಿಯಾಗಿರ್ತೀರ" ಎಂದು ಬುದ್ಧಿ ಹೇಳಿದ್ದಳು. ಈಗ ಮಾತ್ರ ಮಾತಿಗೊಮ್ಮೆ ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದಳು.

"ರಿಜಿಸ್ಟರಿನಲ್ಲಿ ಇವರ ವಿವರ ಏನಿದೆ, ಓದಿ," ಎಂದಳು ಪ್ರತಿಮಾ.

ಭಾನುಪ್ರಿಯ ರಿಜಿಸ್ಟರನ್ನು ಮುಖದ ಹತ್ತಿರ ತಂದಳು, ದೂರ ಹಿಡಿದಳು. ಕೊನೆಗೆ "ನೀವೇ ನೋಡ್ಕೊಳಿ ಮೇಡಂ" ಎಂದು ಚಾಚಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ಪ್ರತಿಮಾ ಒಳಗೊಳಗೇ ನಕ್ಕಳು.

"ಹೋದ ವರ್ಷ ನಾನು ಕನಕಪುರದ ಕಡೆ ಇದ್ದೆ. ಇಲ್ಲಿಗೆ ಬಂದವರ ಮುಖ ನಾನು ನೋಡಿಲ್ಲ. ಆದರೆ ಕಣ್ಣು ನೋಡ್ತಿದ್ದೀನಿ. ನಿಜ ಹೇಳಿ, ಈ ಎರಡು ಕಣ್ಣೂ ಒಬ್ಬರದೇನಾ?"

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಇಲ್ಲ ಕಣವ್ವ. ಬ್ಯಾರೆ ಬ್ಯಾರೆಯೋರ್ದು," ಎಂದಳು ಕುರ್ಚಿಯಲ್ಲಿದ್ದವಳು.

"ನೀನ್ ಒಸಿ ಸುಮ್ಕಿರಕ್ಕ!" ಎಂದು ಭಾನುಪ್ರಿಯ ಗದರಿದಳು.

ಸಿಕ್ಕಿಬಿದ್ದರು! ಪ್ರತಿಮಾಗೆ ಮೊದಲು ಖುಷಿಯಾಯಿತು, ಹಿಂದೆಯೇ ಸಿಟ್ಟೂ ಬಂತು. ಪರದೆಯನ್ನು ಅವರತ್ತ ತಿರುಗಿಸಿ ಹಳೆಯ ಚಿತ್ರದ ಮೇಲೆ ಬೆರಳಿಟ್ಟಳು.

"ಈ ಕೆಂಪು ಚುಕ್ಕೆಗಳೆಲ್ಲ ರಕ್ತ. ಒಂದು ವರ್ಷ ಸುಮ್ಮನೆ ಕಳೆದುಹೋಗಿದೆ. ಇನ್ನೂ ತಡ ಮಾಡಿದರೆ ಈ ಕಣ್ಣಿನವರು ಕುರುಡಾಗ್ತಾರೆ. ನಿಮಗೆ ಪಟ್ಟಿ ತುಂಬಿದರೆ ಸಾಕು, ಅಲ್ವೇನ್ರೀ ಭಾನುಪ್ರಿಯ? ಮೊದಲು ಹೋಗಿ ಆ ಸಿದ್ದಮ್ಮನನ್ನ ಕರಕೊಂಡು ಬನ್ನಿ!"

ಭಾನುಪ್ರಿಯ ಮತ್ತೆ ಬಾಟಲಿ ಎತ್ತಿದಳು. ಕುರ್ಚಿಯಲ್ಲಿದ್ದ ಹೆಂಗಸು ಮೆಲ್ಲನೆ ಎದ್ದು ನಿಂತಳು. ಅವಳ ನಗು ಹೋಗಿತ್ತು.

"ಫೋನಲ್ಲಿ ಯಾರೂ ಇದ್ನ ಹೇಳ್ನಿಲ್ವಲ್ಲವ್ವ, ಬನ್ನಿ ಬನ್ನಿ ಅಂದ್ರು ಅಷ್ಟೆಯ. ಯಜಮಾನ್ರು ಮನೇಲವ್ರೆ, ಬೇಕಾದ್ರೆ ಕರ್ಸಿ ಕೇಳು, ನಾನೇ ಸಿದ್ದಮ್ಮ. ಹೋದ್ವರ್ಸ ಯುಗಾದಿ ಮಾರ್ನೇ ದಿನ ಶಿಬಿರ ಮಡಗಿದ್ರು. ಒಬ್ಬಟ್ಟು ತಿಂದಿದ್ದೆ. ಅದು ಫೋಟೋದಲ್ಲಿ ಕಂಡ್ಬುಡ್ತದೆ ಅಂತ ಹೆದ್ರುಕೊಂಡು ನಾನ್ ಬರ್ನೇ ಇಲ್ಲ."

ಪ್ರತಿಮಾ ಎರಡು ಚಿತ್ರಗಳನ್ನೂ ಮತ್ತೆ ನೋಡಿದಳು. "ಹಾಗಾದರೆ ನಿಮ್ಮ ಹೆಸರಿನಲ್ಲಿ ಬಂದು ಕೂತವರು ಯಾರು?"

ಸಿದ್ದಮ್ಮ ಪಕ್ಕದಲ್ಲಿ ನಿಂತವಳ ಕೈ ಹಿಡಿದು, ತಾನು ಬಿಟ್ಟೆದ್ದ ಕುರ್ಚಿಯ ಮೇಲೆ ಕೂರಿಸಿದಳು. "'ನಂಗೆ ಸಕ್ಕರೆ ಕಾಯ್ಲೆನೇ ಇಲ್ಲ, ನಿನ್ ಬದ್ಲು ನಾನ್ ಕೂತ್ರೆ ಏನಾಯ್ತದೆ' ಅಂದಿದ್ಯಲ್ಲ ಭಾನು, ಮೊದ್ಲು ನಿನ್ ಕಣ್ಣು ತೋರ್ಸವ್ವ."