ಮೇಲಿಂದ ಮೂರನೆಯದು

ಚಳಿಗಾಲ, ಡಿಸೆಂಬರ್‌ನ ಒಂದು ಭಾನುವಾರ. ಅಮೆರಿಕದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಬೆಳಿಗ್ಗೆ ಹತ್ತು ಗಂಟೆ. ಹಂಗೇರಿಯಲ್ಲಿ ಆಗಲೇ ಸಂಜೆ ಐದು. ಅಲ್ಲಿ ಡಾಕ್ಟರ್ ಓದುತ್ತಿದ್ದ ಅರೀಬಾ ಫೋನ್ ಮಾಡಿ, "ಪಪ್ಪಾ, ಇಂಟರ್ನೆಟ್ ಇನ್ನೂ ಬಂದಿಲ್ಲ," ಎಂದಾಗ ಅದೀಬ್ ಡ್ರೈವ್‌ವೇಯ ಹಿಮವನ್ನು ಅರ್ಧ ಸರಿಸಿ, ಅರ್ಧ ಬಿಟ್ಟು ಒಳಗೆ ಬಂದ.

ಮರುದಿನ ಅವಳ ಗಡಿಯಾರದ ಮಧ್ಯಾಹ್ನ ಮೂರು ಗಂಟೆಗೆ ಡೆಟ್ರಾಯಿಟ್‌ನ ಆಸ್ಪತ್ರೆಯೊಂದು ಅವಳನ್ನು ವಿಡಿಯೊದಲ್ಲಿ ಇಂಟರ್‌ವ್ಯೂ ಮಾಡುವುದಿತ್ತು. ನೂರು ಕಡೆ ಕೆಲಸಕ್ಕೆ ಅಪ್ಲೈ ಮಾಡಿದ್ದಳು, ಕರೆದದ್ದು ಅದೊಂದೇ. ಕಾಲೇಜಿಗೆ ರಜೆ, ಗೆಳತಿಯರೆಲ್ಲ ತಮ್ಮ ತಮ್ಮ ಊರಿಗೆ ಹೋಗಿದ್ದರು. ಅವಳ ಹೊಸ ಬಾಡಿಗೆ ಕೋಣೆಗೆ ಶುಕ್ರವಾರ ಕಂಪನಿಯವನು ಬಂದು, ಟಿವಿಗೂ ಇಂಟರ್ನೆಟ್ಟಿಗೂ ಸೇರಿ ಒಂದೇ ಡಬ್ಬಿ ಕೂರಿಸಿ, ತನ್ನ ಭಾಷೆಯಲ್ಲಿ ಏನೇನೋ ಹೇಳಿ, ಕೈಕುಲುಕಿ ಹೋಗಿದ್ದ. ಟಿವಿಯ ಮೇಲೆ ಮೂಡಿದ್ದೆಲ್ಲ ಹಂಗೇರಿಯನ್. ಫೋನಿನ ಡೇಟಾ ಮುಗಿದಿತ್ತು. ಮಾತು ಕೇಳುತ್ತಿತ್ತು ಅಷ್ಟೆ, ಮುಖವಾಗಲಿ ಪರದೆಯಾಗಲಿ ಕಾಣುವಂತಿರಲಿಲ್ಲ.

ಅದೀಬ್ ಶಾಮ್‌ಬರ್ಗ್‌ನಲ್ಲಿ ಕಂಪ್ಯೂಟರ್ ಕೆಲಸದವನು. ಫೋನನ್ನು ಸ್ಪೀಕರಿಗೆ ಹಾಕಿ, ಲ್ಯಾಪ್‌ಟಾಪ್ ತೆರೆದು, "ಮೊದಲನೇ ಲೈನ್ ಸ್ಪೆಲ್ ಮಾಡು ಬೇಟಾ, ಟ್ರಾನ್ಸ್‌ಲೇಟ್ ಮಾಡ್ತೀನಿ," ಎಂದ. ಅವಳು ಒಂದೊಂದೇ ಅಕ್ಷರ ಹೇಳುವಳು, ಇವನು ಒತ್ತುವನು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಅಲ್ಲಿ ಪರದೆ ತಾನಾಗಿಯೇ ಖಾಲಿಯಾಗುವುದು.

"ಮತ್ತೆ ಹೋಯ್ತು ಪಪ್ಪಾ."

"ಸ್ವಲ್ಪ ಫಾಸ್ಟ್ ಆಗಿ ಹೇಳು."

"ನಾನು ಫಾಸ್ಟೇ. ನೀವು ಸ್ಲೋ."

ಮುಕ್ಕಾಲು ಗಂಟೆ ಹೀಗೇ ಹೋಯಿತು. ಹುಡುಗಿಯ ದನಿ ತೆಳ್ಳಗಾಗುತ್ತ ಬಂತು. "ನಾಳೆ ಆಗಲ್ಲ ಪಪ್ಪಾ. ಬಿಟ್ಬಿಡಿ," ಎಂದಳು.

ಸೋಫಾದ ತುದಿಯಲ್ಲಿ ಅಲೀಮ್ ಕೂತಿದ್ದರು. ಅದೀಬನ ತಂದೆ, ಎಪ್ಪತ್ತೆಂಟು ವರ್ಷ. ಹಾವೇರಿಯಲ್ಲಿ ಮೂವತ್ತು ವರ್ಷ ಟಿವಿ ರಿಪೇರಿ ಮಾಡಿ, ಮನೆಮನೆಗೆ ಕೇಬಲ್ ಎಳೆದವರು. ಶಾಲೆ ಎರಡನೇ ಇಯತ್ತೆಗೇ ನಿಂತಿತ್ತು. ಕರೆಯದೆ ಕೆಲಸಕ್ಕೆ ಕೈ ಹಾಕುವ ಅಭ್ಯಾಸ ಅವರಿಗಿರಲಿಲ್ಲ. ಆದರೆ ಆ 'ಬಿಟ್ಬಿಡಿ' ಕೇಳಿದ ಮೇಲೆ ಚಹಾದ ಕಪ್ಪು ಕೆಳಗಿಟ್ಟು ಕೈ ಚಾಚಿದರು.

"ಇಲ್ಲಿ ಕೊಡು."

"ಅಬ್ಬಾಜಿ, ಅದು ಇಂಗ್ಲಿಷಲ್ಲ, ಹಂಗೇರಿಯನ್."

"ಕೇಳೇನಿ. ಕೊಡು."

ಫೋನನ್ನು ತೊಡೆಯ ಮೇಲಿಟ್ಟುಕೊಂಡರು. ಟೀಪಾಯಿ ಮೇಲಿದ್ದ ತಮ್ಮ ಮನೆಯ ರಿಮೋಟನ್ನು ಹಿಡಿದು ಕಣ್ಣು ಮುಚ್ಚಿದರು.

"ಅರೀಬಾ, ಓದಬ್ಯಾಡ. ಒಂದಕ್ಷರಾನೂ ಓದಬ್ಯಾಡ. ಹಲ್ಲಿನ ಗಾಲಿ ಚಿತ್ರ ಎಲ್ಲೈತಿ?"

"ಗಿಯರ್ ಥರಾನಾ ದಾದಾ? ಬಲಗಡೆ, ಲಾಸ್ಟು."

"ಒತ್ತು. ಎಷ್ಟು ಸಾಲು ಬಂದುವು?"

"ಏಳು."

"ಭೂಮಿ ಗುಂಡು ಯಾವುದರ ಮುಂದೈತಿ?"

"ಗ್ಲೋಬ್… ಮೇಲಿಂದ ಮೂರನೇದು."

"ಒತ್ತು. ಈಗ ಬರೋವು ಭಾಷಾದ ಹೆಸರು. ಈಗ ಓದು. ನಿಂದು ಸಿಕ್ಕಿತೇನು?"

ಹೇಳುತ್ತ ಹೇಳುತ್ತ ಅವರ ಹೆಬ್ಬೆರಳು ಕೈಯಲ್ಲಿದ್ದ ರಿಮೋಟಿನ ಮೇಲೂ ನಡೆಯುತ್ತಿತ್ತು. ಎದುರಿನ ಟಿವಿಯಲ್ಲಿ ಚಾನೆಲ್ಲುಗಳು ತಾವೇ ಬದಲಾಗುತ್ತಿದ್ದವು. ಅವರು ಕಣ್ಣು ತೆರೆಯಲಿಲ್ಲ.

"ಸಿಕ್ತು ದಾದಾ. ಇಂಗ್ಲಿಷ್ ಇದೆ."

"ಹಂಗಾರ ಮುಂದಿಂದು ನೀನ ಓದಿಕೋತಿ."

ಹತ್ತು ನಿಮಿಷದಲ್ಲಿ ಅಲ್ಲಿ ಡಬ್ಬಿಯ ಕೆಂಪು ದೀಪ ಹಸಿರಾಯಿತು, ಇಂಟರ್ನೆಟ್ ಬಂತು. ಅಲೀಮ್ ಫೋನ್ ಇಡಲಿಲ್ಲ. "ಇನ್ನ ಟಿವಿ ಹಚ್ಚು," ಎಂದರು. ಫೋನಿನೊಳಗಿಂದ ಯಾರೋ ಹಂಗೇರಿಯನ್‌ನಲ್ಲಿ ಮಾತಾಡುವುದು ಕೇಳಿಸಿತು. "ಅದರಾಗ ಎರಡು ಭಾಷಾದ ಮಾತು ತುಂಬಿರ್ತಾರವ್ವಾ. ಒಂದು ಮ್ಯಾಲ, ಒಂದು ಒಳಗ. ದನಿಯ ಗುಂಡಿ ಹುಡುಕು." ಸ್ವಲ್ಪ ಹೊತ್ತಿಗೆ ಆ ದನಿ ನಡುಮಾತಿನಲ್ಲಿ ನಿಂತು, ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ ಬ್ರೆಡ್ಡಿನ ಹಿಟ್ಟು ನಾದುವುದನ್ನು ಹೇಳಿಕೊಡತೊಡಗಿದಳು.



"ಹಲೋ? ಮತ್ತೆ ಹೋಯ್ತಾ?" ಎಂದ ಅದೀಬ್.

"ಇಲ್ಲ. ಇರಿ ಪಪ್ಪಾ, ಕೇಳ್ತಾ ಇದೀನಿ. ಈ ರೂಮಲ್ಲಿ ನನಗೆ ಅರ್ಥ ಆಗೋ ವಾಯ್ಸ್ ಇದೇ ಫಸ್ಟು."

ಅದೀಬ್ ಲ್ಯಾಪ್‌ಟಾಪ್ ಮುಚ್ಚಿದ. ತಂದೆಯ ಹೆಬ್ಬೆರಳನ್ನೇ ನೋಡಿ, "ನಿಮಗ ಹಂಗೇರಿಯನ್ ಹ್ಯಾಂಗ ತಿಳೀತು ಅಬ್ಬಾಜಿ?" ಎಂದು ಕೇಳಿದ.

"ಹಾವೇರಿಗೆ ಬಂದ ಡಬ್ಬಿ ಎಲ್ಲಾ ಇಂಗ್ಲಿಷಿನ್ಯಾಗ ಇರ್ತಿದ್ದುವು. ನನಗ ಅದೂ ಬರ್ತಿದ್ದಿಲ್ಲ," ಎಂದರು ಅಲೀಮ್. "ಸಾಲು ಎಣಿಸಿಕೋತ ಬಂದೆ." ಆರಿದ ಚಹಾವನ್ನು ಬಿಸಿ ಮಾಡಿಸಿಕೊಳ್ಳದೆ ಹಾಗೇ ಕುಡಿದರು.

ಅದೀಬ್ ಎದ್ದು, ಉಳಿದರ್ಧ ಹಿಮ ಸರಿಸಲು ಹೋದ.

ಮಾರ್ಚಿನಲ್ಲಿ ಡೆಟ್ರಾಯಿಟ್‌ನಿಂದ ಕೆಲಸದ ಕಾಗದ ಬಂತು. ಜೂನ್ ಹದಿನಾಲ್ಕು, ಶುಕ್ರವಾರ, ಅರೀಬಾ ಆ ಕೋಣೆ ಬಿಟ್ಟಳು. ಮುಂದೆ ಯಾವ ದೇಶದ ಹುಡುಗಿ ಬಾಡಿಗೆಗೆ ಬರುವಳೋ ಗೊತ್ತಿರಲಿಲ್ಲವಾದ್ದರಿಂದ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ ಹೋಗಿದ್ದಳು. ಹಲ್ಲಿನ ಗಾಲಿಯ ಚಿತ್ರ, ಕೆಳಗೆ ಏಳು ಗೆರೆ, ಮೇಲಿಂದ ಮೂರನೆಯದರ ಮುಂದೆ ಒಂದು ಗುಂಡು. ಅದರಲ್ಲಿ ಅಕ್ಷರ ಒಂದೂ ಇರಲಿಲ್ಲ.